ಬೀಗ ಹಾಕಿದ ಮಳೆಮಾಪಕ

ಪತ್ರ ಹೋದದ್ದು ನಿನ್ನೆ ಮಧ್ಯಾಹ್ನ. ಅದನ್ನು ಬರೆದವಳು ಹವಾಮಾನ ಕಚೇರಿಯಲ್ಲಿ ಎರಡು ವರ್ಷದಿಂದ ಅಂಕಿಅಂಶದ ಮೇಜಿನಲ್ಲಿ ಕೂತಿರುವ ಇಪ್ಪತ್ತೇಳು ವರ್ಷದ ಹುಡುಗಿ. ಯಾವ ಅಂಕಿ ಕೊಟ್ಟರೂ ಚುಕ್ಕೆ ಇಟ್ಟು ನಡುವೆ ಒಂದು ಗೆರೆ ಎಳೆಯುತ್ತಾಳೆಂದು ಕಚೇರಿಯವರು ಅವಳಿಗೆ ಗೆರೆಯಮ್ಮ ಎಂದು ಹೆಸರಿಟ್ಟಿದ್ದರು. ಪತ್ರದಲ್ಲಿ ಇದ್ದದ್ದು ನಾಲ್ಕೇ ಸಾಲು. ಈ ವರ್ಷ ಮುಂಗಾರು ಹನ್ನೆರಡು ದಿನ ಮೊದಲೇ ಹಿಂದೆ ಸರಿದಿದೆ. ಮುಂಗಾರು ಬೇಗ ಹಿಂದೆ ಸರಿದ ವರ್ಷ ಹಿಂಗಾರು ಮಳೆ ಕಡಿಮೆ. ಈ ಸಲದ ಹಿಂಗಾರು ಒಟ್ಟು ನಲವತ್ತು ಮಿಲಿಮೀಟರ್ ದಾಟುವ ಸಂಭವವಿಲ್ಲ. ಆದ್ದರಿಂದ ಜಲಾಶಯವನ್ನು ಅಂಚಿನವರೆಗೆ ತುಂಬಿಸಿಕೊಳ್ಳಬಹುದು.

ಜಲಾಶಯದವರು ಕಾಯುತ್ತಿದ್ದದ್ದು ಇದಕ್ಕೇ. ಇವತ್ತು ಸಂಜೆ ನಾಲ್ಕಕ್ಕೆ ಗೇಟುಗಳನ್ನು ಪೂರ್ತಿ ಇಳಿಸುತ್ತಾರೆ. ಇಳಿಸಿದ ಮೇಲೆ ಗೇಟು ಎತ್ತುವ ಯಂತ್ರವನ್ನು ಬಿಚ್ಚಿ ವರ್ಷದ ರಿಪೇರಿಗೆ ಹಾಕುತ್ತಾರೆ. ಮತ್ತೆ ಜೋಡಿಸುವುದಕ್ಕೆ ಮೂರು ವಾರ ಬೇಕು. ಆ ಮೂರು ವಾರದಲ್ಲಿ ತುಂಬಿದ ಜಲಾಶಯದ ಮೇಲೆ ದೊಡ್ಡ ಮಳೆ ಬಿದ್ದರೆ ನೀರು ಒಡ್ಡಿನ ಮೇಲಿಂದ ಉಕ್ಕಿ ಕೆಳಬೀದಿಗೆ ಇಳಿಯುತ್ತದೆ. ಕೆಳಬೀದಿಯಲ್ಲಿ ನಾನೂರು ಮನೆಗಳಿವೆ. ಅವುಗಳಲ್ಲಿ ಒಂದರ ನೆಲಮಟ್ಟದ ಕೋಣೆಯಲ್ಲಿ ಬಾಡಿಗೆಗಿರುವವಳು ಗೆರೆಯಮ್ಮನೇ. ಅವಳಿಗೆ ತನ್ನ ಗೆರೆಯ ಮೇಲೆ ಅಷ್ಟು ನಂಬಿಕೆ.

ಬೆಳಿಗ್ಗೆ ಹನ್ನೊಂದಕ್ಕೆ ಅವಳು ಗ್ರಾಫಿನ ಹಾಳೆಯನ್ನು ಸುರುಳಿ ಸುತ್ತಿಕೊಂಡು ದೊಡ್ಡಪ್ಪನ ಮನೆಗೆ ಹೋದಳು. ದೊಡ್ಡಪ್ಪ ಅದೇ ಕಚೇರಿಯಲ್ಲಿ ಮೂವತ್ತೊಂದು ವರ್ಷ ವೀಕ್ಷಕರಾಗಿದ್ದು ನಿವೃತ್ತರಾದವರು. ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕದಲ್ಲಿ ಬಿದ್ದ ನೀರನ್ನು ಅಳೆದು ರಿಜಿಸ್ಟರಿನಲ್ಲಿ ಬರೆಯುವುದು ವೀಕ್ಷಕನ ಕೆಲಸ. ಅವಳ ನಲವತ್ತನಾಲ್ಕು ಚುಕ್ಕೆಗಳಲ್ಲಿ ಮೂವತ್ತೊಂದು ದೊಡ್ಡಪ್ಪನ ಕೈಬರಹದಿಂದ ಬಂದವು. ಮೊದಲು ಅವರಿಗೇ ತೋರಿಸಬೇಕೆಂದು ಅವಳ ಆಸೆ.

ದೊಡ್ಡಪ್ಪ ಹೊರಕೋಣೆಯ ನೆಲದ ಮೇಲೆ ಕೂತು ಟೇಬಲ್ ಫ್ಯಾನಿನ ರೆಕ್ಕೆ ಬಿಚ್ಚಿ ಒರೆಸುತ್ತಿದ್ದರು. ದೊಡ್ಡಮ್ಮ ಕುರ್ಚಿಯ ಮೇಲೆ ಕೂತು ಮಡಿಲಲ್ಲಿ ಮೊರ ಇಟ್ಟುಕೊಂಡು ಬಟಾಣಿ ಸುಲಿಯುತ್ತಿದ್ದರು.

"ಏನಮ್ಮಾ, ಆಫೀಸಿನ ಹೊತ್ತಲ್ಲಿ ಸವಾರಿ ಈ ಕಡೆ? ಕೆಲಸದಿಂದ ತೆಗೆದ್ರಾ?" ಎಂದರು ದೊಡ್ಡಪ್ಪ.

"ಇನ್ನೂ ಇಲ್ಲ. ನಿಮ್ಮ ಮೂವತ್ತೊಂದು ವರ್ಷನ ಒಂದು ಹಾಳೆ ಮೇಲೆ ತಂದಿದೀನಿ."

"ಒಂದು ಹಾಳೆ ಬೇಕಾಯ್ತಾ? ಅದೂ ಜಾಸ್ತಿನೇ," ಎಂದರು ದೊಡ್ಡಮ್ಮ.

ಅವಳು ಹಾಳೆಯನ್ನು ನೆಲದ ಮೇಲೆ ಬಿಡಿಸಿ ನಾಲ್ಕು ಮೂಲೆಗೂ ಫ್ಯಾನಿನ ಬಿಡಿಭಾಗಗಳನ್ನು ಇಟ್ಟಳು. ಎಡದಲ್ಲಿ ಮುಂಗಾರು ಬೇಗ ಹೋದ ವರ್ಷಗಳು, ಬಲದಲ್ಲಿ ತಡವಾಗಿ ಹೋದ ವರ್ಷಗಳು. ಮೇಲಕ್ಕೆ ಹೋದಷ್ಟೂ ಹಿಂಗಾರು ಜಾಸ್ತಿ. ಚುಕ್ಕೆಗಳು ಎಡದ ಕೆಳಮೂಲೆಯಿಂದ ಬಲದ ಮೇಲ್ಮೂಲೆಗೆ ಮೆಟ್ಟಿಲು ಹತ್ತಿದಂತೆ ಹತ್ತಿದ್ದವು. ಪ್ರತಿ ಚುಕ್ಕೆಯ ಪಕ್ಕದಲ್ಲಿ ವರ್ಷ.

"ಒಂದು ದಿನ ಬೇಗ ಹೋದ್ರೆ ಇಷ್ಟು ಕಮ್ಮಿ, ಎರಡು ದಿನ ಬೇಗ ಹೋದ್ರೆ ಅದರ ಎರಡರಷ್ಟು ಕಮ್ಮಿ. ಮಳೆ ಲೆಕ್ಕದಲ್ಲಿ ಇಷ್ಟು ನೆಟ್ಟಗಿರೋ ಗೆರೆ ನಾನು ಎಲ್ಲೂ ನೋಡಿಲ್ಲ ದೊಡ್ಡಪ್ಪಾ."

ದೊಡ್ಡಪ್ಪ ಕನ್ನಡಕ ಏರಿಸಿ ಬಗ್ಗಿದರು. ಅವರ ಮುಖ ಅರಳಿತು. "ನೋಡಿದ್ಯೇನೇ? ದಿನಾ ಬರೆದಿದ್ದಕ್ಕೆ ಇವತ್ತು ಬೆಲೆ ಬಂತು."

ದೊಡ್ಡಮ್ಮನೂ ಕುರ್ಚಿಯಿಂದ ಬಗ್ಗಿ ನೋಡಿದರು. ಅವರಿಗೆ ಗ್ರಾಫ್ ಓದಲು ಬರದು, ವರ್ಷ ಓದಲು ಬರುತ್ತದೆ. "ಈ ತಳದಲ್ಲಿ ಬಿದ್ದಿರೋದು ನನ್ನ ತಂಗಿ ಮದುವೆ ವರ್ಷ ಅಲ್ವಾ? ಮೂವತ್ತೆರಡು ದಿನ ರಜೆ. ಅಷ್ಟು ದಿನ ಇವರು ಮನೇಲಿದ್ದದ್ದು ಮತ್ತೆ ರಿಟೈರ್ ಆದ ಮೇಲೇ. ಇದರ ಪಕ್ಕದ್ದು ನಾವು ಸಮುದ್ರ ನೋಡೋಕೆ ಹೋದ ವರ್ಷ. ಇಪ್ಪತ್ತೊಂಬತ್ತು ದಿನ."

"ಮೇಲಿನ ಇದು?" ಎಂದಳು ಅವಳು ನಗುತ್ತಾ, ಬಲದ ತುದಿಯ ಚುಕ್ಕೆಯ ಮೇಲೆ ಬೆರಳಿಟ್ಟು.

"ಅಯ್ಯೋ, ಆ ದರಿದ್ರ ವರ್ಷ! ಮಳೆ ಹೋಗ್ಲೇ ಇಲ್ಲ. ನಮ್ಮಪ್ಪನ ಆಪರೇಷನ್ನಿಗೂ ಇವರು ಬರಲಿಲ್ಲ. ನಾಲ್ಕೇ ದಿನ ಸಿಕ್ಕಿದ್ದು ರಜೆ."

ಅವಳ ನಗು ಇನ್ನೂ ಮುಖದ ಮೇಲಿತ್ತು. ಬೆರಳು ತಾನಾಗಿ ನಡುವಿನ ಒಂದು ಚುಕ್ಕೆಗೆ ಹೋಯಿತು. "ಇದು?"

"ಈ ಮನೆಗೆ ಬಣ್ಣ ಹೊಡೆಸಿದ್ದು. ಹದಿನೈದೋ ಹದಿನಾರೋ ದಿನ."

ಅದು ಸರಿಯಾಗಿ ಗೆರೆಯ ನಡುಮಧ್ಯದ ಚುಕ್ಕೆ.

"ದೊಡ್ಡಪ್ಪಾ, ರಜೆ ಯಾವಾಗ ಕೊಡ್ತಿದ್ರು?"

"ಈಗ ಹೇಗೋ ಹಾಗೇ. ಮುಂಗಾರು ಇರೋವರೆಗೂ ವೀಕ್ಷಕನಿಗೆ ರಜೆ ಇಲ್ಲ. ಹಿಂದೆ ಸರೀತು ಅಂತ ಪ್ರಕಟಣೆ ಬಿದ್ದ ಮಾರನೇ ದಿನ ಬಾಗಿಲು ತೆಗೆಯುತ್ತೆ. ವರ್ಷದ ಲೆಕ್ಕ ಕೂಡಿಸೋ ತಿಂಗಳು ಬಂದ್ರೆ ಮತ್ತೆ ಬಾಗಿಲು ಬಂದ್."

"ಅಂದ್ರೆ ಮುಂಗಾರು ಬೇಗ ಹೋದಷ್ಟೂ ರಜೆ ಉದ್ದ."

"ಹೌದು ಮತ್ತೆ! ಪ್ರಕಟಣೆ ದಿನ ನಮ್ಮನೇಲಿ ಇವಳು ಪೆಟ್ಟಿಗೆ ಕಟ್ಟಿಟ್ಟಿರ್ತಿದ್ಲು."

"ನೀವು ಇಲ್ಲದಾಗ ಮಾಪಕ ಯಾರು ನೋಡ್ತಿದ್ರು?"

"ಕಾವಲಿನವನು."

"ಅವನಿಗೆ ಬೀಗದಕೈ ಕೊಟ್ಟು ಹೋಗ್ತಿದ್ರಾ?"

"ಸರ್ಕಾರಿ ಗಾಜಿನ ಸಾಮಾನು ಅವನ ಕೈಗಾ? ಒಡೆದು ಹಾಕಿದ್ರೆ ನನ್ನ ತಲೆಗೆ. ಬೀಗದಕೈ ನನ್ನ ಜೇಬಲ್ಲೇ ಇರ್ತಿತ್ತು."

"ಮತ್ತೆ ರಿಜಿಸ್ಟರಲ್ಲಿ ಏನು ಬರೀತಿದ್ದ?"

"ಸೊನ್ನೆ. ಖಾಲಿ ಬಿಟ್ರೆ ಮೇಲಿನಿಂದ ನೋಟೀಸ್ ಬರೋದು. ಮುಂಗಾರು ಹೋದ್ಮೇಲೆ ಇನ್ನೇನು ಮಳೆ, ಬಂದ್ರೆ ನಾಲ್ಕು ಹನಿ."

ಉತ್ತರ ಅವಳಿಗೆ ಆಗಲೇ ಗೊತ್ತಾಗಿತ್ತು, ಆದರೂ ಕೇಳಿದಳು. "ವಾಪಸ್ ಬಂದಾಗ ಬಾಟಲಿಯಲ್ಲಿ ನೀರು ಇರ್ತಿರಲಿಲ್ವಾ?"

"ಇರ್ತಿತ್ತು. ಯಾವ ದಿನದ್ದು ಅಂತ ಬರೀಲಿ? ಗಿಡಕ್ಕೆ ಹಾಕಿ ಬಾಟಲಿ ತೊಳೆದಿಡ್ತಿದ್ದೆ. ಯಾಕಮ್ಮಾ ಹಾಗೆ ನೋಡ್ತೀಯಾ?"

ಅವಳು ಹಾಳೆಯನ್ನು ಎಳೆದುಕೊಂಡಳು. ಫ್ಯಾನಿನ ತಿರುಪೊಂದು ಉರುಳಿಕೊಂಡು ಹೋಗಿ ಕಪಾಟಿನ ಅಡಿ ಸೇರಿತು. ಮುಂಗಾರು ಬೇಗ ಹೋದರೆ ಹಿಂಗಾರು ಕಡಿಮೆಯಾಗುತ್ತಿರಲಿಲ್ಲ, ಮುಂಗಾರು ಬೇಗ ಹೋದರೆ ವೀಕ್ಷಕ ಬೇಗ ಹೋಗುತ್ತಿದ್ದ. ಎರಡು ವರ್ಷ ಕೂತು ಅವಳು ಎಳೆದದ್ದು ದೊಡ್ಡಪ್ಪನ ರಜೆಯ ಗ್ರಾಫು.

"ನೀರು ಕುಡಿದು ಹೋಗೇ," ಎಂದು ದೊಡ್ಡಮ್ಮ ಹಿಂದಿನಿಂದ ಕೂಗಿದರು. ಅವಳು ಆಗಲೇ ಬೀದಿಯಲ್ಲಿದ್ದಳು.

ಕಚೇರಿ ತಲುಪಿದಾಗ ಒಂದು ಗಂಟೆ. ಪತ್ರಕ್ಕೆ ಸಹಿ ಹಾಕಿ ಕಳಿಸಿದ್ದ ಸಾಹೇಬರು ಊಟಕ್ಕೆ ಹೋಗಿದ್ದರು. ಅವಳು ನೇರವಾಗಿ ವೀಕ್ಷಕನ ಕೋಣೆಗೆ ಹೋದಳು. ಈಗಿನ ವೀಕ್ಷಕ ಪ್ರಕಟಣೆಯ ಮಾರನೇ ದಿನವೇ ರಜೆ ಹಾಕಿ ಹೋಗಿದ್ದ, ಹೆಂಡತಿಯ ಹೆರಿಗೆಗೆ. ಇವತ್ತಿಗೆ ಹನ್ನೊಂದು ದಿನ. ಮೇಜಿನ ಮೇಲೆ ರಿಜಿಸ್ಟರು ತೆರೆದೇ ಇತ್ತು. ಸೊನ್ನೆ, ಸೊನ್ನೆ, ಸೊನ್ನೆ. ನಿನ್ನೆಯ ಗುರುವಾರದ ಮುಂದೆಯೂ ಸೊನ್ನೆ.

ಅದರ ಹಿಂದಿನ ದಿನ, ಬುಧವಾರ ಸಂಜೆ, ಅವಳು ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆ ಸೇರಿದ್ದಳು. ಗುರುವಾರ ಬೆಳಿಗ್ಗೆಯೂ ಚಪ್ಪಲಿ ಒಣಗಿರಲಿಲ್ಲ. ಅದೇ ಒದ್ದೆ ಚಪ್ಪಲಿಯಲ್ಲಿ ಬಂದು ಇದೇ ಕಟ್ಟಡದಲ್ಲಿ ಕೂತು, ಹಿಂಗಾರು ಈ ಸಲ ಒಣ ಎಂದು ಪತ್ರದ ಕರಡು ತಿದ್ದಿದ್ದಳು. ತಲೆಗೆ ಹೊಳೆದಿರಲಿಲ್ಲ. ಮಳೆ ಎಂದರೆ ರಿಜಿಸ್ಟರಿನಲ್ಲಿ ಇರುವುದು.

ಬೆರಳು ಇನ್ನೂ ಕೆಳಗೆ ಇಳಿಯಿತು. ಇವತ್ತಿನ ಸಾಲಿನ ಕೆಳಗೂ ಸೊನ್ನೆಗಳಿದ್ದವು. ನಾಳೆ ಶನಿವಾರಕ್ಕೆ, ನಾಡಿದ್ದು ಭಾನುವಾರಕ್ಕೆ.

ಅವಳು ಕಾವಲಿನವನನ್ನು ಕೂಗಿದಳು. ಅವನು ಬಾಯಿ ಒರೆಸಿಕೊಳ್ಳುತ್ತಾ ಬಂದ.

"ಇದೇನಿದು, ನಾಳೆದನ್ನೂ ಬರೆದಿದೀಯ?"

"ಭಾನುವಾರ ಬರೋಲ್ಲ ಮೇಡಂ, ಅದಕ್ಕೆ ಒಟ್ಟಿಗೆ ಬರೆದಿಟ್ಟೆ. ಹೇಗೂ ಅದೇ ತಾನೇ?"

"ಮಳೆ ಬಂದ್ರೆ?"

"ಬಂದ್ರೂ ಮಾಪಕಕ್ಕೆ ಬೀಗ ಇದೆಯಲ್ಲ ಮೇಡಂ." ಅವನು ಸಮಾಧಾನ ಹೇಳುವವನಂತೆ ಹೇಳಿದ.

"ಕಲ್ಲು ತಗೊಂಡು ಬಾ."

ಕಟ್ಟಡದ ಹಿಂದೆ, ತಂತಿಬೇಲಿಯ ಒಳಗೆ, ಹುಲ್ಲಿನ ನಡುವೆ ಮೊಣಕಾಲೆತ್ತರದ ಮಳೆಮಾಪಕ. ಕಾವಲಿನವನು ಮೂರು ಏಟಿಗೆ ಬೀಗ ಒಡೆದ. ಅವಳು ಮೇಲಿನ ತೆರೆದ ಆಲಿಕೆಯನ್ನು ಎತ್ತಿ ಪಕ್ಕಕ್ಕಿಟ್ಟು ಒಳಗೆ ಬಗ್ಗಿದಳು. ಬಾಟಲಿಯ ಕುತ್ತಿಗೆಯವರೆಗೆ ನೀರಿತ್ತು. ಅದರ ಮೇಲೆ ಒಂದು ಸತ್ತ ಜೀರುಂಡೆ ತೇಲುತ್ತಿತ್ತು.

ಅವಳು ಬಾಟಲಿಯನ್ನು ಎತ್ತಿಕೊಂಡಳು. ಅಳತೆಯ ಗಾಜು ಒಂದು ಸಲಕ್ಕೆ ಇಪ್ಪತ್ತು ಮಿಲಿಮೀಟರ್ ಹಿಡಿಯುತ್ತದೆ. ಒಂದು ಗಾಜು ತುಂಬಿ ಬಕೆಟ್ಟಿಗೆ ಸುರಿದಳು. ಎರಡನೆಯದು. ಮೂರನೆಯದು. ಕಾವಲಿನವನು ಎಣಿಸುವುದನ್ನು ನಿಲ್ಲಿಸಿ ಅವಳ ಮುಖ ನೋಡತೊಡಗಿದ. ನಾಲ್ಕನೆಯ ಗಾಜಿನಲ್ಲಿ ಹದಿನಾಲ್ಕು. ಒಟ್ಟು ಎಪ್ಪತ್ತನಾಲ್ಕು. ಇಡೀ ಹಿಂಗಾರಿಗೆ ನಲವತ್ತು ದಾಟುವುದಿಲ್ಲ ಎಂದು ಅವಳು ಬರೆದಿದ್ದಳು. ಹಿಂಗಾರು ಇನ್ನೂ ಸರಿಯಾಗಿ ಶುರುವೇ ಆಗಿರಲಿಲ್ಲ.

ಎರಡು ಗಂಟೆಗೆ ಜಲಾಶಯದ ಗೇಟು ಎಂಜಿನಿಯರ್, ನಿನ್ನೆ ಫ್ಯಾಕ್ಸಿನಲ್ಲಿ ಹೋಗಿದ್ದ ಪತ್ರದ ಮೂಲಪ್ರತಿ ತೆಗೆದುಕೊಂಡು ಹೋಗಲು ಬಂದ. ಸಾಹೇಬರ ಕೋಣೆಯಲ್ಲಿ ಮೂವರೇ. ಅವಳು ಬಕೆಟ್ಟನ್ನು ಮೇಜಿನ ಮೇಲೆ, ಫೈಲುಗಳ ನಡುವೆ ಇಟ್ಟು, ಬೆಳಿಗ್ಗೆಯಿಂದ ತಿಳಿದದ್ದನ್ನೆಲ್ಲ ಹೇಳಿದಳು. ಸಾಹೇಬರು ಬಕೆಟ್ಟನ್ನೇ ನೋಡುತ್ತಿದ್ದರು.

"ಬುಧವಾರ ಮಳೆ ಬಂದಿತ್ತಲ್ಲ ಸಾರ್, ನಿಮಗೂ ಗೊತ್ತಾಗಲಿಲ್ವಾ?" ಎಂದ ಎಂಜಿನಿಯರ್.

"ಕಿಟಕಿ ಮುಚ್ಚಿದ್ದೇ ನಾನು," ಎಂದರು ಸಾಹೇಬರು. "ಆದ್ರೆ ರಿಜಿಸ್ಟರಲ್ಲಿ ಸೊನ್ನೆ ಇತ್ತಲ್ಲ."

ಯಾರೂ ನಗಲಿಲ್ಲ. ಎಂಜಿನಿಯರ್ ಕೂಡ ಕೆಲವು ದಿನಗಳಿಂದ ಜಲಾಶಯದ ಮಟ್ಟ ಏರುತ್ತಿರುವುದನ್ನು ನೋಡಿದ್ದ. ಮೇಲಿನ ಹಳ್ಳಗಳ ನೀರಿರಬೇಕು ಎಂದುಕೊಂಡು ಸುಮ್ಮನಿದ್ದ.

"ಹಾಗಾದ್ರೆ ಪತ್ರ ವಾಪಸ್ ತಗೊಳ್ಳಿ," ಎಂದ ಅವನು. "ಗೇಟು ಇಳಿಸೋದು ನಿಲ್ಲಿಸ್ತೀನಿ. ನನಗೆ ಕಾಗದ ಬೇಕು ಅಷ್ಟೇ. ಬಾಯಿಮಾತಿಗೆ ನಿಲ್ಲಿಸಿದ್ರೆ ನನ್ನ ತಲೆ ಹೋಗುತ್ತೆ."

ಸಾಹೇಬರು ಸಾವರಿಸಿಕೊಂಡರು. "ನಿಧಾನ, ನಿಧಾನ. ಈ ವರ್ಷದ ಹನ್ನೊಂದು ಸೊನ್ನೆ ತಪ್ಪು. ಒಪ್ಪಿದೆ. ಒಂದು ವರ್ಷ ಗೆರೆ ಬಿಟ್ಟು ಆಚೆ ಹೋಗಬಹುದು. ಅಷ್ಟಕ್ಕೇ ನಲವತ್ತನಾಲ್ಕು ವರ್ಷದ ದಾಖಲೆ ಸುಳ್ಳು ಅಂತ ನಾನು ಹೇಗೆ ಬರೀಲಿ? ಯಾವ ಆಧಾರ? ಒಂದು ಬಕೆಟ್ ನೀರು, ಮನೇಲಿ ಕೂತು ಆಡಿದ ಹರಟೆ."

"ನಮ್ಮ ದೊಡ್ಡಪ್ಪನೇ ಹೇಳಿದ್ದು ಸಾರ್."

"ನಿನಗೆ ಹೇಳಿದ್ರು. ನನಗೆ ಹೇಳಲಿ. ಸಹಿ ಹಾಕಿ ಹೇಳಲಿ. ಆಗ ಪತ್ರ ರದ್ದು ಮಾಡ್ತೀನಿ."

ಅವಳು ಅಲ್ಲೇ ನಿಂತು ಫೋನ್ ಮಾಡಿದಳು. ದೊಡ್ಡಪ್ಪ ಪೂರ್ತಿ ಕೇಳಿಸಿಕೊಂಡರು.

"ಎಲ್ಲಾ ವರ್ಷದ ರಿಜಿಸ್ಟರ್ ತೆಗೀತಾರಾ?" ಎಂದರು.

"ತೆಗೀಲೇಬೇಕು ದೊಡ್ಡಪ್ಪಾ."

"ನಾನು ಬರಲ್ಲ." ಫೋನ್ ಇಟ್ಟರು.

ಅವಳಿಗೆ ಅರ್ಥವಾಗಲಿಲ್ಲ. ನಿವೃತ್ತರಾದ ಮುದುಕರನ್ನು ಯಾರು ಏನು ಮಾಡುತ್ತಾರೆ? ಎಂಜಿನಿಯರ್ ಗೋಡೆಯ ಗಡಿಯಾರ ನೋಡಿದ. ಎರಡೂ ಇಪ್ಪತ್ತು. ಅವಳು ಕಪಾಟಿನ ಹಳೆಯ ರಿಜಿಸ್ಟರುಗಳನ್ನು ಒಂದೊಂದಾಗಿ ಎಳೆದು ಮೇಜಿನ ಮೇಲೆ ಹಾಕತೊಡಗಿದಳು. ಎಂಜಿನಿಯರ್ ಸುಮ್ಮನೆ ಕೂರಲಾಗದೆ ಒಂದನ್ನು ತೆಗೆದುಕೊಂಡು ಮಗುಚಿದ. ಮಗುಚುತ್ತಿದ್ದವನು ನಿಂತುಬಿಟ್ಟ.

"ಇದು ಕೆಳಬೀದಿಗೆ ನೀರು ನುಗ್ಗಿದ ವರ್ಷದ್ದು," ಎಂದ. "ಇಪ್ಪತ್ತೆರಡು ವರ್ಷ ಆಯ್ತು. ಏಳು ಜನ ಹೋದ್ರು."

ಅದು ಊರಿಗೆಲ್ಲ ಗೊತ್ತಿದ್ದ ಕಥೆ. ಆಗಿನ ಗೇಟು ಆಪರೇಟರ್ ಹಿಂಗಾರಿನಲ್ಲಿ ಒಂದು ಬೆಳಗಿನ ಜಾವ ಏಕಾಏಕಿ ಎಲ್ಲ ಗೇಟೂ ಎತ್ತಿಬಿಟ್ಟ. ಮೂರು ದಿನದಿಂದ ಮಳೆ ಸುರಿಯುತ್ತಿತ್ತು, ಎತ್ತದಿದ್ದರೆ ಒಡ್ಡೇ ಹೋಗುತ್ತಿತ್ತು ಎಂದು ಅವನು ವಿಚಾರಣೆಯಲ್ಲಿ ಹೇಳಿದ. ಮಳೆಯ ದಾಖಲೆ ತರಿಸಿ ನೋಡಿದರು. ಮೂರು ದಿನವೂ ಸೊನ್ನೆ. ಕೆಳಬೀದಿಯವರು ಮಳೆ ಇತ್ತು ಎಂದರೆ, ವಿಚಾರಣೆಯವರು ನಾಲ್ಕು ಹನಿ ಬಿದ್ದಿರಬಹುದು ಎಂದರು. ಆಪರೇಟರನನ್ನು ಕುಡುಕ ಎಂದು ಬರೆದು ಕೆಲಸದಿಂದ ಕಿತ್ತುಹಾಕಿದರು.

ಎಂಜಿನಿಯರ್ ಪುಟವನ್ನು ಅವಳ ಕಡೆ ತಿರುಗಿಸಿದ. ದೊಡ್ಡಪ್ಪನ ದುಂಡನೆಯ ಅಕ್ಷರಗಳು ಒಂದು ತಾರೀಖಿಗೆ ನಿಂತು, ಅಲ್ಲಿಂದ ಕಾವಲಿನವನ ಸೊಟ್ಟ ಸೊನ್ನೆಗಳು ಶುರುವಾಗಿದ್ದವು. ಮೂವತ್ತೆರಡು ಸೊನ್ನೆ. ದೊಡ್ಡಮ್ಮನ ತಂಗಿಯ ಮದುವೆ. ಆ ಮೂರು ದಿನ ಅದರೊಳಗೇ ಇದ್ದವು.

ಅವಳು ಕುರ್ಚಿ ಎಳೆದು ಕೂತಳು. ಚಿಕ್ಕಂದಿನಿಂದ ಕೇಳಿದ್ದು ನೆನಪಾಯಿತು. ಕೆಳಬೀದಿಯ ಮಾತು ಬಂದಾಗಲೆಲ್ಲ ದೊಡ್ಡಪ್ಪ ಎದ್ದು ಒಳಗೆ ಹೋಗುತ್ತಿದ್ದರು. ಮೆದು ಮನಸ್ಸು ಎಂದು ಮನೆಯವರೆಲ್ಲ ಅಂದುಕೊಂಡಿದ್ದರು. ಅವರು ರಜೆ ಮುಗಿಸಿ ಬಂದು ಬೀಗ ತೆಗೆದಾಗ ಬಾಟಲಿ ತುಂಬಿ, ಹೊರಗಿನ ಡಬ್ಬಿಯೂ ತುಂಬಿರಬೇಕು. ಅದನ್ನು ಗಿಡಕ್ಕೆ ಹಾಕಿ ಬಂದು, ವಿಚಾರಣೆಗೆ ರಿಜಿಸ್ಟರು ಕೊಟ್ಟಿದ್ದರು.

"ನಿಮ್ಮ ದೊಡ್ಡಪ್ಪ ಬರಲ್ಲ," ಎಂದ ಎಂಜಿನಿಯರ್. ಕೋಪ ಇರಲಿಲ್ಲ ಅವನ ಧ್ವನಿಯಲ್ಲಿ. "ನಾನಾಗಿದ್ರೂ ಬರ್ತಿರಲಿಲ್ಲ."

ಅವಳು ಒಂದು ಬಿಳಿ ಹಾಳೆ ತೆಗೆದುಕೊಂಡು ತನ್ನ ಪತ್ರ ತಪ್ಪು ಎಂದು ತಾನೇ ಬರೆಯತೊಡಗಿದಳು. ಸಾಹೇಬರು ಅದನ್ನು ಓದಿ ಪಕ್ಕಕ್ಕಿಟ್ಟರು. ಮೇಲಧಿಕಾರಿ ಕಳಿಸಿದ ಪತ್ರವನ್ನು ಕೆಳಗಿನವಳು ರದ್ದು ಮಾಡಲು ಬರುವುದಿಲ್ಲ ಎಂದರು. ಮೂರು ಗಂಟೆಯಾಯಿತು. ಎಂಜಿನಿಯರ್ ಎದ್ದು ನಿಂತ. ಒಡ್ಡಿಗೆ ಹೋಗಲು ಅರ್ಧ ಗಂಟೆ ಬೇಕು, ಹುಡುಗರು ಯಂತ್ರದ ಹತ್ತಿರ ಕಾಯುತ್ತಿದ್ದಾರೆ ಎಂದ.

ಬಾಗಿಲಲ್ಲಿ ಮೊದಲು ಕಂಡವರು ದೊಡ್ಡಮ್ಮ. ಮನೆಯ ಸೀರೆಯಲ್ಲೇ ಬಂದಿದ್ದರು. ಅವರ ಹಿಂದೆ ದೊಡ್ಡಪ್ಪ, ಇಸ್ತ್ರಿ ಮಾಡಿದ ಅಂಗಿಯಲ್ಲಿ.

"ಬಟ್ಟೆ ಬದಲಾಯಿಸೋಕೆ ಇಷ್ಟು ಹೊತ್ತು," ಎಂದರು ದೊಡ್ಡಮ್ಮ, ಯಾರನ್ನೂ ನೋಡದೆ. "ಮಗು ಕೆಳಬೀದೀಲಿ ಮಲಗುತ್ತೆ ಕಣ್ರೀ ಅಂದೆ. ಅಷ್ಟೇ ಅಂದಿದ್ದು ನಾನು."

ದೊಡ್ಡಪ್ಪ ಕೂರಲಿಲ್ಲ. ಮೇಜಿನ ಮೇಲೆ ತೆರೆದಿದ್ದ ಪುಟ ನೋಡಿದರು. ಅದು ಯಾವ ವರ್ಷದ್ದೆಂದು ಕೇಳಲೂ ಇಲ್ಲ. ಜೇಬಿನಿಂದ ಪೆನ್ನು ತೆಗೆದರು.

"ರಿಜಿಸ್ಟರಲ್ಲಿ ತಪ್ಪಾದ್ರೆ ಉಜ್ಜಬಾರದು," ಎಂದರು ಅವಳಿಗೆ, ಕೆಲಸ ಕಲಿಸುವವರ ಹಾಗೆ. "ಓದೋಕೆ ಆಗೋ ಹಾಗೆ ಒಂದೇ ಗೀಟು. ಮೇಲೆ ಸರಿಯಾದ್ದು ಬರೆದು ಸಹಿ, ತಾರೀಖು. ಮಳೆ ಇಲ್ಲದಿದ್ರೆ ಸೊನ್ನೆ. ನೋಡದೇ ಇದ್ರೆ ಅಡ್ಡಗೆರೆ. ನನಗೆ ಮೊದಲನೇ ದಿನ ಹೇಳಿಕೊಟ್ಟಿದ್ದೇ ಅದು."

ಬಗ್ಗಿ ಮೊದಲನೆಯ ಸೊನ್ನೆಗೆ ಗೀಟು ಹಾಕಿದರು. ಪೆನ್ನು ಅಲ್ಲೇ ನಿಂತಿತು.

"ಆ ಆಪರೇಟರ್," ಎಂದರು ಎಂಜಿನಿಯರನಿಗೆ, ತಲೆ ಎತ್ತದೆ. "ಇದಾನಾ?"

"ಇಲ್ಲ ಸಾರ್. ಆರು ವರ್ಷ ಆಯ್ತು."

"ಮನೆಯವರು?"

"ಮಗಳಿದಾಳೆ. ಟೈಲರಿಂಗ್ ಮಾಡ್ತಾಳೆ."

ದೊಡ್ಡಮ್ಮ ಒಂದು ಹೆಜ್ಜೆ ಮುಂದೆ ಬಂದು ಅಲ್ಲೇ ನಿಂತರು. ಗಡಿಯಾರದಲ್ಲಿ ಮೂರೂ ಹದಿನೈದು. ಆಮೇಲೆ ಪೆನ್ನು ಮತ್ತೆ ಓಡಿತು. ಗೀಟು, ಅಡ್ಡಗೆರೆ, ಸಹಿ, ತಾರೀಖು. ಗೀಟು, ಅಡ್ಡಗೆರೆ, ಸಹಿ, ತಾರೀಖು. ಮೂವತ್ತೆರಡೂ ಮುಗಿದ ಮೇಲೆ ಪುಟದ ಅಂಚಿನಲ್ಲಿ ಬರೆದರು: ನಾನು ಊರಿನಲ್ಲಿ ಇರಲಿಲ್ಲ. ಮಾಪಕಕ್ಕೆ ಬೀಗ ಇತ್ತು. ಹಿಂದಿರುಗಿದಾಗ ತುಂಬಿ ಹರಿದಿತ್ತು.

"ಉಳಿದವು ಇನ್ನೂ ಮೂವತ್ತು ವರ್ಷದ್ದಿದೆ," ಎಂದರು ಸಾಹೇಬರಿಗೆ. "ಮಾಡ್ತೀನಿ. ಇಷ್ಟು ಸಾಕಾ ಈಗ?"

ಸಾಹೇಬರು ಬರೆಯತೊಡಗಿದ್ದರು. ನಿನ್ನೆಯ ಪತ್ರ ರದ್ದು. ಎರಡನೆಯ ಸಾಲಿಗೆ ಬಂದು ನಿಂತರು. "ಹಾಗಾದ್ರೆ ಹಿಂಗಾರು ಎಷ್ಟು ಬರುತ್ತೆ ಅಂತ ಬರೀಲಿ?"

"ಗೊತ್ತಿಲ್ಲ ಅಂತ ಬರೀರಿ," ಎಂದಳು ಅವಳು.

"ಹಾಗೆ ಬರೆಯೋಕೆ ಆಗುತ್ತೇನಮ್ಮಾ, ಹವಾಮಾನ ಕಚೇರಿಯವರು?"

"ಗೊತ್ತಿಲ್ಲ ಸಾರ್. ನಲವತ್ತನಾಲ್ಕು ವರ್ಷದಿಂದ ನಮಗೆ ಗೊತ್ತಿಲ್ಲ."

ಸಾಹೇಬರು ಹಾಗೇ ಬರೆದರು. ಎಂಜಿನಿಯರ್ ಆ ಹಾಳೆಯನ್ನು ಹಿಡಿದುಕೊಂಡೇ ಒಡ್ಡಿಗೆ ಫೋನ್ ಮಾಡಿದ. ಇಳಿಸಬೇಡಿ, ಯಂತ್ರ ಮುಟ್ಟಬೇಡಿ, ಸೈರನ್ ಕೊಟ್ಟು ಎರಡು ಗೇಟು ಅರ್ಧ ಅಡಿ ಎತ್ತಿ, ಮಟ್ಟ ನಾಲ್ಕು ಅಡಿ ಇಳಿಯಲಿ ಎಂದ. ಆ ಕಡೆಯವನು ಏನೋ ಕೇಳಿದ. "ಮೋಡ ಇಲ್ಲ ಅಂತ ನನಗೂ ಕಾಣ್ತಾ ಇದೆ ಮಾರಾಯ, ಎತ್ತು," ಎಂದು ಗದರಿದ.

ಸಂಜೆ ಐದೂವರೆಗೆ ಅವಳು ಕೆಳಬೀದಿಗೆ ಇಳಿದಾಗ ಆಕಾಶ ತೊಳೆದಿಟ್ಟಂತೆ ಇತ್ತು. ಸೈರನ್ ಇನ್ನೂ ಕೂಗುತ್ತಿತ್ತು. ಬೀದಿಯಂಚಿನ ನದಿಯ ಮೆಟ್ಟಿಲುಗಳಲ್ಲಿ ಮೂರು ಮುಳುಗಿದ್ದವು. ಹೆಂಗಸರು ಒಗೆದು ಹರಡಿದ್ದ ಬಟ್ಟೆಗಳನ್ನು ಬಾಚಿಕೊಂಡು ಮೇಲೆ ಓಡುತ್ತಿದ್ದರು. ಒಬ್ಬಾಕೆಯ ಹಸಿರು ಚಾದರ ನೀರಿನ ಪಾಲಾಗಿ ಸೇತುವೆಯ ಕಡೆಗೆ ಹೋಗುತ್ತಿತ್ತು.

"ಒಂದು ಹನಿ ಮಳೆ ಇಲ್ಲ, ಯಾವ ಮುಠ್ಠಾಳ ಇವನು ನೀರು ಬಿಟ್ಟವನು!" ಎಂದು ಆಕೆ ಕೂಗಿದಳು. ಪಕ್ಕದವಳು ಗೇಟಿನವರೆಲ್ಲ ಕುಡುಕರೇ ಎಂದಳು.

ಗೆರೆಯಮ್ಮ ಮೆಟ್ಟಿಲ ಮೇಲೆ ನಿಂತು ಇಬ್ಬರ ಮಾತನ್ನೂ ಕೇಳಿದಳು.

"ಕುಡುಕರಲ್ಲ," ಎಂದಳು.

ನೀರಿನ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ. ಅವಳು ಎರಡು ಮೆಟ್ಟಿಲು ಇಳಿದು, ಇನ್ನೂ ಜೋರಾಗಿ ಹೇಳಿದಳು.